ನಾನು ಅಡ್ವಾನ್ಸ್ಡ್ ಅಲ್ಲ ಅಂತ ಹುಕ್ಕೇರಿಯಲ್ಲಿ ಗೊತ್ತಾಯ್ತು

ಬೆಂಗಳೂರಿನ ನಮ್ಮ ಆಫೀಸಿನಲ್ಲಿ ಟಿಟಿ ಟೂರ್ನಮೆಂಟ್. ಹೆಸರು ಕೊಡುವ ಫಾರ್ಮ್‌ನಲ್ಲಿ ಒಂದು ಪ್ರಶ್ನೆ: ನಿಮ್ಮ ಲೆವೆಲ್ ಯಾವುದು? ಬಿಗಿನರ್, ಇಂಟರ್‌ಮೀಡಿಯೆಟ್, ಅಡ್ವಾನ್ಸ್ಡ್. ನಮ್ಮ ಫ್ಲೋರ್‌ನಲ್ಲಿ ನನ್ನನ್ನು ಸೋಲಿಸುವವರಿಲ್ಲ. ಟೀಮಿಗೆ ಹೊಸದಾಗಿ ಬಂದ ಹುಡುಗಿಗೆ, "ನಿಂಗೆ ಸ್ಮ್ಯಾಶ್ ಬರಲ್ಲ, ಬಿಗಿನರ್ ಹಾಕು" ಅಂತ ಸಲಹೆ ಬೇರೆ ಕೊಟ್ಟಿದ್ದೆ. ನನ್ನ ಫಾರ್ಮ್ ತುಂಬುವಷ್ಟರಲ್ಲಿ ಗೋಕಾಕದ ಬಸ್ಸಿಗೆ ಹೊತ್ತಾಯ್ತು. ಬ್ಯಾಟ್ ಬ್ಯಾಗಿಗೆ ಹಾಕಿಕೊಂಡು ಊರಿಗೆ ಹೊರಟೆ.

ಶನಿವಾರ ಮೂಡಲಗಿಯ ಸೋದರಮಾವನ ಮನೆ. ಮಾವನ ಮಗ ಪ್ಲೈವುಡ್ ಜೋಡಿಸಿ, ನೆಟ್ ಬದಲು ಇಟ್ಟಿಗೆ ಇಟ್ಟು ಟೇಬಲ್ ಮಾಡಿಕೊಂಡಿದ್ದಾನೆ. ನಿಜವಾದ ಟೇಬಲ್ 9 ಅಡಿ ಉದ್ದ, 5 ಅಡಿ ಅಗಲ. ಇದು ಅದರ ಮುಕ್ಕಾಲೂ ಇರಲಿಲ್ಲ. ಮೂರು ಗೇಮ್ ಗೆದ್ದೆ. "ಅಣ್ಣಾ, ಭಾರೀ ಆಡ್ತಿ" ಅಂದ. ನಾನು ನಂಬಿದೆ!

ಭಾನುವಾರ ಗೆಳೆಯನ ಬೈಕಿನಲ್ಲಿ ಹುಕ್ಕೇರಿಗೆ. ದಾರಿಯಲ್ಲಿ ಗೋಕಾಕ ಫಾಲ್ಸ್. ಘಟಪ್ರಭಾ 52 ಮೀಟರ್ ಕೆಳಗೆ ಧುಮುಕುವುದನ್ನು ಎಷ್ಟು ಸಲ ನೋಡಿದರೂ ಇಳಿದು ನಿಲ್ಲಲೇಬೇಕು. ಹುಕ್ಕೇರಿಯಲ್ಲಿ ಆದಿಲ್‌ಶಾಹಿ ಕಾಲದ ಗುಮ್ಮಟಗಳನ್ನು ನೋಡಿ, ಕರದಂಟಿನ ಡಬ್ಬಿ ಹಿಡಿದು ಗೆಳೆಯನ ದೊಡ್ಡಪ್ಪನ ಮನೆಗೆ ಹೋದೆವು. ರಿಟೈರ್ಡ್ ಮಾಸ್ತರು. ಹಿತ್ತಲಿನ ಶೆಡ್ಡಿನಲ್ಲಿ ಅಸಲಿ ಟೇಬಲ್.

"ನಮ್ಮ ಕಾಲದಾಗ 21ರ ಗೇಮ್ ಇತ್ತು ತಮ್ಮಾ. ಈಗ 11ಕ್ಕ ಮುಗೀತೈತಿ, ಲಗೂ ಸೋಲ್ತಿ" ಅಂತ ನಕ್ಕರು. 2001ರಲ್ಲಿ ಬದಲಾದ ನಿಯಮ ಅದು.

11–3. ಮೂರು ನನ್ನವು.

ಕಾಕಾನ ಬ್ಯಾಟಿನ ಕಪ್ಪು ಬದಿಗೆ ಉದ್ದುದ್ದ ರಬ್ಬರ್ ಮುಳ್ಳು, ಲಾಂಗ್ ಪಿಂಪಲ್. ನಾನು ಟಾಪ್‌ಸ್ಪಿನ್ ಕೊಟ್ಟು ಹೊಡೆದ ಚೆಂಡು ಅದಕ್ಕೆ ತಾಗಿ ಬ್ಯಾಕ್‌ಸ್ಪಿನ್ ಆಗಿ ವಾಪಸ್ ಬರುತ್ತದೆ. ಅದನ್ನು ಮತ್ತೆ ಹಾಗೇ ಹೊಡೆದರೆ ನೆಟ್ಟಿಗೆ. ನಾನು ಹೊಡೆಯುತ್ತಲೇ ಇದ್ದೆ, ಅದು ನೆಟ್ಟಿಗೆ ಬೀಳುತ್ತಲೇ ಇತ್ತು.

"ಮುಳ್ಳು ಬ್ಯಾಡ ಬಿಡ್ರಿ ಕಾಕಾ, ಅದು ಮೋಸ" ಅಂದೆ. ಅವರು ಬ್ಯಾಟ್ ತಿರುಗಿಸಿ ಸಾದಾ ಕೆಂಪು ಬದಿ ತೋರಿಸಿದರು. "ಆತು. ಹತ್ತು ಸರ್ವ್ ಹಾಕ್ತೇನಿ. ಗೆಲ್ಲೂದು ಬ್ಯಾಡ, ಬರೇ ಟೇಬಲ್ ಮ್ಯಾಲ ವಾಪಸ್ ಹಾಕು."

ನಾಲ್ಕು ಬಿದ್ದವು. ಉಳಿದ ಆರರಲ್ಲಿ ಎರಡು ನೇರ ಕರದಂಟಿನ ಡಬ್ಬಿಯ ಕಡೆ ಹೋದವು.

ಆಮೇಲೆ ನನ್ನ ಸರ್ವ್. ಅಂಗೈಯಿಂದ ಚೆಂಡು ಕನಿಷ್ಠ 16 ಸೆಂಟಿಮೀಟರ್ ನೇರವಾಗಿ ಮೇಲೇಳಬೇಕು ಅನ್ನೋದು ನಿಯಮ. ನಾನು ಕೈಯಿಂದಲೇ ಹೊಡೆದುಬಿಡುತ್ತಿದ್ದೆ. ಆಫೀಸಿನಲ್ಲಿ ಕೇಳುವವರು ಯಾರು? ನಿಯಮದ ಪ್ರಕಾರ ಎಸೆದು ಹಾಕಿದರೆ ಬೆಂಗಳೂರಿನಲ್ಲಿ ಎಲ್ಲರನ್ನೂ ಹೆದರಿಸುವ ನನ್ನ ಸರ್ವ್ ಲಡ್ಡುವಿನ ಹಾಗೆ ಹೋಗುತ್ತಿತ್ತು. ಲೆಕ್ಕ ಹಾಕಿದೆ: ಆ ಮೂರು ಪಾಯಿಂಟಿನಲ್ಲಿ ಎರಡು ಬಂದಿದ್ದು ಅದೇ ಕಳ್ಳ ಸರ್ವ್‌ನಿಂದ.

"ಹೊಡೆತ ಚೊಲೋ ಐತಿ. ಆದರ ಎದುರಿನಾಂವ ಏನ್ ಕಳಿಸ್ಯಾನ ಅಂತ ನೋಡೂದಿಲ್ಲ ನೀ" ಅಂದರು ಕಾಕಾ, ಕರದಂಟು ಮುರಿಯುತ್ತಾ.

ರಾತ್ರಿ ಬಸ್ಸಿನಲ್ಲಿ ಫಾರ್ಮ್ ತೆರೆದೆ. ಆ ಹುಡುಗಿಯ ಆಟ ನೆನಪಾಯ್ತು. ಅವಳು ಸ್ಮ್ಯಾಶ್ ಮಾಡಲ್ಲ ನಿಜ, ಆದರೆ ನಾನು ಏನೇ ಕಳಿಸಿದರೂ ಇಪ್ಪತ್ತು, ಮೂವತ್ತು ಸಲ ಟೇಬಲ್ ಮೇಲೇ ವಾಪಸ್ ಹಾಕುತ್ತಾಳೆ. ಬೇಜಾರಾಗಿ ಜೋರಾಗಿ ಹೊಡೆದು ಪಾಯಿಂಟ್ ಮುಗಿಸುತ್ತಿದ್ದವನು ನಾನೇ.

ಇಂಟರ್‌ಮೀಡಿಯೆಟ್ ಒತ್ತಿದೆ, ಅದೂ ಸ್ವಲ್ಪ ಧೈರ್ಯ ಮಾಡಿ. ಆಮೇಲೆ ಅವಳಿಗೆ ಮೆಸೇಜ್ ಹಾಕಿದೆ: "ಬಿಗಿನರ್ ಅಂತ ಹಾಕಿದ್ರೆ ಬದಲಾಯಿಸು. ನಾಳೆ ನಂಗೆ ಹತ್ತು ಸರ್ವ್ ಹಾಕ್ತೀಯಾ?"