ಸಂಬಂಧ, ಇದ್ದರೆ

ನಗಬೇಡಿ. ಅರವತ್ತಾರರ ಹೆಂಗಸು ನಾನು. ಧಾರವಾಡದಲ್ಲಿ ಎಂ.ಕಾಂ. ಮುಗಿಸಿ, 1982ರಲ್ಲಿ ಬ್ಯಾಂಕಿನ ನೌಕರಿ ಹಿಡಿದು ಮುಂಬಯಿಗೆ ಬಂದವಳು. ಮೂವತ್ತೇಳು ವರ್ಷ ಲೆಡ್ಜರು, ವೋಚರು, ಆಡಿಟ್ಟು ಅಂತ ಸವೆದು 2019ರಲ್ಲಿ ನಿವೃತ್ತಳಾದೆ. ನನ್ನ ವಾರಿಗೆಯವರೆಲ್ಲ ಈಗ ಭಜನಾ ಮಂಡಳಿ, ಮೊಣಕಾಲು ನೋವು, ತೀರ್ಥಯಾತ್ರೆಗಳಲ್ಲಿ ಮಗ್ನರು. ಮೊಣಕಾಲು ನೋವು ನನಗೂ ಇದೆ. ಆದರೆ ಮಧ್ಯಾಹ್ನ ನಮ್ಮವರು ಊಟ ಮಾಡಿ ಅಡ್ಡಾದ ಮೇಲೆ, ಡೊಂಬಿವಲಿಯ ಈ ಮನೆಯಲ್ಲಿ ನಾನು ಕೂತು ನೋಡುವುದು, ಒಬ್ಬ ಹುಡುಗ ಇನ್ನೊಬ್ಬ ಹುಡುಗನನ್ನು ಪ್ರೀತಿಸುವ ಜಪಾನೀ ಕಾರ್ಟೂನು.

ಕಾರ್ಟೂನು ಅನ್ನಬಾರದಂತೆ. ಮೊಮ್ಮಗಳು ತಿದ್ದುತ್ತಾಳೆ. ಪರದೆಯ ಮೇಲೆ ಓಡಿದರೆ ಅನಿಮೆ, ಪುಸ್ತಕವಾದರೆ ಮಾಂಗಾ. ಈ ಜಾತಿಯ ಕಥೆಗಳಿಗೆ ಬಾಯ್ಸ್ ಲವ್, ಚಿಕ್ಕದಾಗಿ ಬಿಎಲ್. ನಮ್ಮವರಿಗೆ ಮಾತ್ರ ಇವತ್ತಿಗೂ ಅದು ‘ನಿನ್ನ ದೊಡ್ಡ ಕಣ್ಣಿನ ಹುಡುಗರು’.

ಶುರುವಾದದ್ದು 2020ರ ಲಾಕ್‌ಡೌನಿನಲ್ಲಿ. ಹದಿನಾಲ್ಕು ವರ್ಷದ ಮೊಮ್ಮಗಳು ನಮ್ಮ ಮನೆಯಲ್ಲೇ ಸಿಕ್ಕಿಬಿದ್ದಿದ್ದಳು. ದಿನವಿಡೀ ಮೊಬೈಲು. ಒಂದು ದಿನ ಬೈಯಲೆಂದೇ ಹೋದೆ. ಪರದೆಯ ಮೇಲೆ ಒಬ್ಬ ಹುಡುಗ ರೈಲಿಳಿದು ತನ್ನ ಊರಿನ ಸ್ಟೇಷನ್ನಿನಲ್ಲಿ ನಿಂತಿದ್ದ. ಐದು ವರ್ಷದ ಮೇಲೆ ಊರಿಗೆ ಬಂದಿದ್ದಾನೆ. ದೊಡ್ಡ ಸ್ಪರ್ಧೆಯಲ್ಲಿ ಸೋತು ಬಂದಿದ್ದಾನೆ. ಮನೆಗೆ ಹೋದರೆ, ಅವನು ಸಾಕಿದ ನಾಯಿ ಸತ್ತುಹೋಗಿದೆ, ಅದರ ಫೋಟೋದ ಮುಂದೆ ಕೂರಬೇಕು. ಬೈಯುವುದು ಮರೆತು ನಾನೂ ಕೂತೆ. ಊರು ಬಿಟ್ಟವರಿಗೆ ಇದು ಗೊತ್ತು. ಪ್ರತಿ ಸಲ ಊರಿಗೆ ಹೋದಾಗಲೂ ನಾವಿಲ್ಲದಾಗ ಏನೇನು ಹೋಯಿತು ಎಂಬ ಲೆಕ್ಕ ಮೊದಲು ಒಪ್ಪಿಸುತ್ತಾರೆ. ಹಿತ್ತಲಿನ ಮಾವಿನ ಮರ ಕಡಿದರು, ಎಮ್ಮೆ ಕೊಟ್ಟೆವು, ಎದುರು ಮನೆಯ ಕಾಕೂ ಹೋದಳು...

ಅದು ‘ಯೂರಿ ಆನ್ ಐಸ್’. ಸಾಯೋ ಯಮಾಮೊಟೊ ಎಂಬ ಹೆಣ್ಣುಮಗಳು ನಿರ್ದೇಶಿಸಿದ, 2016ರಲ್ಲಿ ಬಂದ ಹನ್ನೆರಡು ಕಂತಿನ ಕಥೆ. ಯೂರಿ ಐಸ್ ಸ್ಕೇಟಿಂಗ್ ಮಾಡುವ ಹುಡುಗ. ಅವನು ಚಿಕ್ಕಂದಿನಿಂದ ದೇವರಂತೆ ಕಂಡ ರಷ್ಯಾದ ಚಾಂಪಿಯನ್ ವಿಕ್ಟರ್, ಹೇಳದೆ ಕೇಳದೆ ಇವನ ಊರಿಗೇ ಬಂದು, ‘ನಿನಗೆ ನಾನು ಕೋಚ್’ ಅನ್ನುತ್ತಾನೆ. ಏಳನೆಯ ಕಂತಿನಲ್ಲಿ ಒಂದು ಮುತ್ತಿದೆ. ಆದರೆ ವಿಕ್ಟರನ ತೋಳು ಅಡ್ಡ ಬರುತ್ತದೆ, ನಮಗೆ ಕಾಣಿಸುವುದಿಲ್ಲ. ಕೊಟ್ಟನೋ ಇಲ್ಲವೋ ಎಂದು ಲೋಕದ ಅಭಿಮಾನಿಗಳೆಲ್ಲ ಜಗಳಾಡಿದರು. ಅದನ್ನು ಬಿಎಲ್ ಎನ್ನಬೇಕೋ ಬೇಡವೋ ಎಂಬ ತಕರಾರು ಇನ್ನೂ ಮುಗಿದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಆ ತೋಳು ಅಡ್ಡ ಬಂದದ್ದು ಹೆದರಿಕೆಯಿಂದ ಇರಬಹುದು, ಆದರೆ ಚಂದವಾಗಿಯೇ ಬಂದಿದೆ. ರಾಜ್‌ಕುಮಾರ್ ಸಿನಿಮಾಗಳಲ್ಲಿ ಎರಡು ಹೂವು ತಾಗಿಸಿ ತೋರಿಸುತ್ತಿದ್ದ ಕಾಲದಲ್ಲಿ ಬೆಳೆದವಳಿಗೆ ಅಷ್ಟು ಸಾಕು. ಇದರದೇ ಒಂದು ಹೊಸ ಸಿನಿಮಾ ಬರುತ್ತದೆ ಎಂದು 2017ರಲ್ಲಿ ಹೇಳಿದ್ದರು. 2024ರ ಏಪ್ರಿಲ್‌ನಲ್ಲಿ ರದ್ದು ಮಾಡಿದರು. ಅವತ್ತು ಮೊಮ್ಮಗಳು ಫೋನು ಮಾಡಿ ಅತ್ತಳು. ನಾನು ಸಮಾಧಾನ ಹೇಳಿ, ಫೋನಿಟ್ಟು, ಸ್ವಲ್ಪ ನಾನೂ ಕಣ್ಣೊರೆಸಿಕೊಂಡೆ.

ಇದು ಇವತ್ತಿನ ಹುಡುಗಿಯರ ಹುಚ್ಚು ಎಂದುಕೊಂಡಿದ್ದೆ. ಅಲ್ಲ. ಮೋಟೋ ಹಾಗಿಯೋ ಎಂಬಾಕೆ ಜರ್ಮನಿಯ ಹುಡುಗರ ವಸತಿಶಾಲೆಯೊಂದನ್ನು ಕಲ್ಪಿಸಿ ‘ದಿ ಹಾರ್ಟ್ ಆಫ್ ಥಾಮಸ್’ ಬರೆದದ್ದು 1974ರಲ್ಲಿ. ಕೇಕೋ ತಾಕೆಮಿಯಾ ಫ್ರಾನ್ಸಿನ ಶಾಲೆಯ ಕಥೆ ಶುರುಮಾಡಿದ್ದು 1976ರಲ್ಲಿ. ಇಬ್ಬರೂ ಹೆಂಗಸರು, ಓದಿದವರು ಬಹುಪಾಲು ಹುಡುಗಿಯರು. ಅಂದರೆ ನಾನು ಧಾರವಾಡದಲ್ಲಿ ಎರಡು ಜಡೆ ಹಾಕಿಕೊಂಡು ತ್ರಿವೇಣಿಯವರ ಕಾದಂಬರಿಗಾಗಿ ಲೈಬ್ರರಿಯಲ್ಲಿ ಪಾಳಿ ನಿಲ್ಲುತ್ತಿದ್ದಾಗ, ಜಪಾನಿನ ನನ್ನ ವಯಸ್ಸಿನ ಹುಡುಗಿ ಇದನ್ನು ಓದುತ್ತಿದ್ದಳು! ಅವಳೂ ಈಗ ಮೊಣಕಾಲು ಹಿಡಿದುಕೊಂಡೇ ಕೂತಿರಬೇಕು.

ಹೆಂಗಸರಿಗೆ ಇದರಲ್ಲೇನು ರುಚಿ ಎಂದು ಗಂಡಸರು ಕೇಳುತ್ತಾರೆ. ನನಗೆ ತೋಚಿದ್ದು ಇಷ್ಟು. ಗಂಡು ಹೆಣ್ಣಿನ ಕಥೆ ನೋಡುವಾಗ ನನ್ನ ತಲೆಯಲ್ಲಿ ಲೆಕ್ಕ ನಡೆದೇ ಇರುತ್ತದೆ. ಇವಳು ನೌಕರಿ ಬಿಡಬೇಕಾಗುತ್ತದೋ, ಅತ್ತೆ ಹೇಗೋ, ವರ್ಗವಾದರೆ ಯಾರು ಯಾರ ಹಿಂದೆ ಹೋಗಬೇಕೋ. ಇಬ್ಬರು ಹುಡುಗರ ಕಥೆಯಲ್ಲಿ ಆ ಲೆಕ್ಕ ನನ್ನದಲ್ಲ. ಪ್ರೀತಿಯನ್ನು ಬರೀ ಪ್ರೀತಿಯಾಗಿ ನೋಡಬಹುದು.

ಹಾಗಂತ ಎಲ್ಲವೂ ಚಿನ್ನವಲ್ಲ. ಆಡಿಟ್ ಮಾಡಿದವಳು ನಾನು, ಕೆಂಪು ಪೆನ್ನು ಕೈಬಿಟ್ಟಿಲ್ಲ. ‘ಜುಂಜೋ ರೊಮ್ಯಾಂಟಿಕಾ’ ಎಂಬುದು ಭಾರಿ ಜನಪ್ರಿಯ, 2008ರಲ್ಲಿ ಅನಿಮೆಯಾಯಿತು. ನನಗೆ ಹಿಡಿಸಲಿಲ್ಲ. ದೊಡ್ಡವನು ಮೇಲೆ ಬೀಳುವುದು, ಚಿಕ್ಕವನು ಬೇಡ ಬೇಡ ಅನ್ನುವುದು, ಅದನ್ನೇ ಪ್ರೀತಿ ಅನ್ನುವುದು. ಬೇಡ ಅಂದರೆ ಬೇಡ. ಹೆಣ್ಣಿಗಾದರೂ ಅಷ್ಟೇ, ಗಂಡಿಗಾದರೂ ಅಷ್ಟೇ. ಹಳೆಯ ಬಿಎಲ್‌ನಲ್ಲಿ ಇದೊಂದು ರೋಗ. ಒಬ್ಬ ಉದ್ದ, ಒಬ್ಬ ಗಿಡ್ಡ. ಒಬ್ಬ ಮುನ್ನುಗ್ಗುವವನು, ಒಬ್ಬ ತಗ್ಗಿ ನಡೆಯುವವನು. ನಾವು ಬೇಡವೆಂದು ಬಿಟ್ಟುಬಂದ ಗಂಡ-ಹೆಂಡತಿ ವೇಷವನ್ನೇ ಇವರಿಗೂ ತೊಡಿಸಿದ ಹಾಗೆ.

ಆ ರೋಗವಿಲ್ಲದ್ದು ‘ದೊಕ್ಯೂಸೇ’, ಅಂದರೆ ಸಹಪಾಠಿಗಳು. ಅಸುಮಿಕೋ ನಾಕಾಮುರಾ ಅವರ ಮಾಂಗಾ, 2016ರಲ್ಲಿ ಸಿನಿಮಾ ಆಯಿತು. ಬರೀ ಒಂದು ತಾಸಿನದು. ಒಬ್ಬ ಗಿಟಾರು ಬಾರಿಸುವ ಉಡಾಳ, ಒಬ್ಬ ಕನ್ನಡಕದ ಜಾಣ. ವೃಂದಗಾನಕ್ಕಾಗಿ ಜಾಣ ಹುಡುಗ ಒಬ್ಬನೇ ಕದ್ದು ಅಭ್ಯಾಸ ಮಾಡುತ್ತಿರುತ್ತಾನೆ, ಉಡಾಳ ಅದನ್ನು ಕೇಳಿಸಿಕೊಳ್ಳುತ್ತಾನೆ. ಅಲ್ಲಿಂದ ಕಥೆ. ನೀರುಬಣ್ಣದಲ್ಲಿ ಬರೆದಂಥ ಚಿತ್ರ, ಅವಸರವಿಲ್ಲ. ನಾಲ್ಕು ಸಲ ನೋಡಿದ್ದೇನೆ.

ಇನ್ನೊಂದು ‘ಗಿವನ್’, 2019ರದು, ಹನ್ನೊಂದು ಕಂತು. ತಂತಿ ಹರಿದ ಗಿಟಾರನ್ನು ಅಪ್ಪಿಕೊಂಡು ಶಾಲೆಯ ಮೆಟ್ಟಿಲ ಮೇಲೆ ನಿದ್ದೆಹೋಗುವ ಹುಡುಗ ಮಾಫುಯು. ಅದು ಸತ್ತುಹೋದ ಅವನ ಗೆಳೆಯನ ಗಿಟಾರು. ಉಎನೊಯಾಮಾ ಎಂಬವನು ತಂತಿ ಹಾಕಿಕೊಡುತ್ತಾನೆ. ದುಃಖವನ್ನು ಹೇಳಿಕೊಳ್ಳಲಾಗದ ಆ ಹುಡುಗ ಒಂಬತ್ತನೆಯ ಕಂತಿನಲ್ಲಿ ಹಾಡುತ್ತಾನೆ. ಅಲ್ಲಿಯ ತನಕ ತಡೆದದ್ದೆಲ್ಲ ಆ ಒಂದು ಹಾಡಿಗಾಗಿ.

ಇಲ್ಲೊಂದು ಸಣ್ಣ ಸಂಗತಿ. ಉಎನೊಯಾಮಾ ಮೊದಮೊದಲು ಅವನನ್ನು ಸಾತೋ ಎಂದು ಮನೆತನದ ಹೆಸರಿನಿಂದ ಕರೆಯುತ್ತಾನೆ. ಮುಂದೊಮ್ಮೆ ಮಾಫುಯು ಅನ್ನುತ್ತಾನೆ. ಮೊಮ್ಮಗಳಿಗೆ ಅದೇನು ದೊಡ್ಡದು ಎಂದು ಹೊಳೆಯಲಿಲ್ಲ. ಅವಳದು ಮುಂಬಯಿ ಹಿಂದಿ, ಮರಾಠಿ, ಇಂಗ್ಲಿಷು. ಕನ್ನಡ ತಿಳಿಯುತ್ತದೆ, ಆಡಲು ನಾಚಿಕೆ. ನಾನು ಹೇಳಿದೆ, “ನೀವು ಅಂತಿದ್ದವ ನೀನು ಅಂದ ಹಂಗ ಅದು.” ಮದುವೆಯಾಗಿ ಎಷ್ಟೋ ತಿಂಗಳ ಮೇಲೆ ನಮ್ಮವರು ನನ್ನನ್ನು ಮೊದಲ ಸಲ ಹೆಸರು ಹಿಡಿದು ಕರೆದದ್ದು ದಾದರ್ ಸ್ಟೇಷನ್ನಿನ ಗದ್ದಲದಲ್ಲಿ, ನಾನು ತಪ್ಪು ಲೋಕಲ್ ಹತ್ತುತ್ತಿದ್ದಾಗ. ಆ ಕಥೆ ಕೇಳಿ ಅವಳು, “ಅಜ್ಜಿ, ಇದೂ ಅನಿಮೆ!” ಅಂದಳು. ಹೀಗೆ ಮೊಮ್ಮಗಳಿಗೆ ಕನ್ನಡದ ‘ನೀವು’ ‘ನೀನು’ ಕಲಿಸಿದ್ದು ಜಪಾನು.

ನನ್ನ ದೊಡ್ಡ ತಕರಾರು ಬೇರೆಯೇ ಇದೆ. ಈ ಕಥೆಗಳು ಬಹಳಷ್ಟು ಹದಿನೇಳಕ್ಕೆ ಶುರುವಾಗಿ ಹದಿನೆಂಟಕ್ಕೆ ಮುಗಿಯುತ್ತವೆ. ‘ನಿನ್ನನ್ನು ಕಂಡರೆ ನನಗಿಷ್ಟ’ ಎಂದು ಹೇಳುವುದಕ್ಕೇ ಹನ್ನೊಂದು ಕಂತು. ಆಮೇಲೆ? ಬಾಡಿಗೆ ಮನೆ ಯಾರ ಹೆಸರಿನಲ್ಲಿ? ಒಬ್ಬನನ್ನು ಆಸ್ಪತ್ರೆಗೆ ಸೇರಿಸಿದರೆ ಕಾಗದಕ್ಕೆ ಸಹಿ ಯಾರದು? ಒಬ್ಬ ಸತ್ತರೆ ಎಫ್.ಡಿ. ಯಾರಿಗೆ?

ಇದನ್ನೆಲ್ಲ ಬರೆದವಳೊಬ್ಬಳಿದ್ದಾಳೆ, ಫುಮಿ ಯೋಶಿನಾಗಾ. ‘ವಾಟ್ ಡಿಡ್ ಯು ಈಟ್ ಯೆಸ್ಟರ್‌ಡೇ’ ಎಂಬ ಅವಳ ಮಾಂಗಾ 2007ರಿಂದ ಬರುತ್ತಿದೆ. ಕಟ್ಟಾ ಅಭಿಮಾನಿಗಳು ಇದನ್ನು ಬಿಎಲ್‌ಗೆ ಸೇರಿಸುವುದಿಲ್ಲ, ದೊಡ್ಡವರ ವಾರಪತ್ರಿಕೆಯಲ್ಲಿ ಬಂದದ್ದು ಅಂತ. ನಾನು ಸೇರಿಸುತ್ತೇನೆ. ಶಿರೋ ವಕೀಲ, ಕೆಂಜಿ ಕೂದಲು ಕತ್ತರಿಸುವವನು. ಇಬ್ಬರಿಗೂ ನಲವತ್ತು ದಾಟಿದೆ. ಶಿರೋ ಆಫೀಸು ಮುಗಿಸಿ ನೇರ ಅಂಗಡಿಗೆ ಓಡಿ, ಯಾವ ತರಕಾರಿ ಅಗ್ಗ ಎಂದು ನೋಡಿ ಕೊಳ್ಳುತ್ತಾನೆ. ಊಟದ ಖರ್ಚು ತಿಂಗಳಿಗೆ 25,000 ಯೆನ್ ದಾಟಬಾರದು ಎಂದು ಅವನ ಹಟ. ಎಂಥ ಗಂಡಸು! ವರ್ಷ ಕಳೆದಂತೆ ಇಬ್ಬರಿಗೂ ವಯಸ್ಸಾಗುತ್ತದೆ. ಜಪಾನಿನ ಕಾನೂನಿನಲ್ಲಿ ಇಬ್ಬರು ಗಂಡಸರ ಮದುವೆಗೆ ಜಾಗವಿಲ್ಲ. 2015ರಿಂದ ಟೋಕಿಯೋದ ಶಿಬುಯಾದಂಥ ಕಡೆ ಸಂಗಾತಿಗಳೆಂದು ಒಂದು ಪ್ರಮಾಣಪತ್ರ ಕೊಡುತ್ತಾರೆ, ಆದರೆ ಅದರಿಂದ ವಾರಸುದಾರಿಕೆ ಬರುವುದಿಲ್ಲ. ಆದ್ದರಿಂದ ಈ ಮಾಂಗಾದಲ್ಲಿ ಶಿರೋನ ಪರಿಚಯದ ಒಬ್ಬ ಗಂಡಸು, ತನ್ನ ಆಸ್ತಿ ಸಂಗಾತಿಗೇ ಸೇರಲೆಂದು ಅವನನ್ನು ದತ್ತು ತೆಗೆದುಕೊಳ್ಳುವ ವಿಚಾರ ಕೇಳುತ್ತಾನೆ. ಪ್ರೀತಿಸಿದವನು ಕಾಗದದ ಮೇಲೆ ಮಗ.

ಆ ಪುಟ ಓದಿದ ದಿನ ಪುಸ್ತಕ ಮಡಚಿಟ್ಟುಬಿಟ್ಟೆ. ನನಗೆ ಮಾಸ್ತರರ ನೆನಪಾಯಿತು.

1994ರ ಮಾತು. ಆಗ ನಾನಿದ್ದ ಶಾಖೆಗೆ ನಮ್ಮ ಕಡೆಯ ಮಾಸ್ತರರೊಬ್ಬರು ಬರುತ್ತಿದ್ದರು. ರಾತ್ರಿಶಾಲೆಯಲ್ಲಿ ಕನ್ನಡ ಕಲಿಸಿದವರು, ಮದುವೆಯಾಗಿರಲಿಲ್ಲ. ಗದುಗಿನ ಕಡೆಯ ಟೇಲರ್ ಒಬ್ಬರ ಜೊತೆ ಒಂದೇ ಖೋಲಿಯಲ್ಲಿ ಇಪ್ಪತ್ತು ವರ್ಷದಿಂದ ಇದ್ದರು. ಮುಂಬಯಿಯಲ್ಲಿ ಇದನ್ನು ಯಾರೂ ಕೇಳುವುದಿಲ್ಲ. ಜಾಗದ ತೊಂದರೆ, ಎಲ್ಲರೂ ಯಾರ ಜೊತೆಗೋ ಇರುವವರೇ. ಮಾಸ್ತರರು ಒಂದು ಎಫ್.ಡಿ. ಮಾಡಿಸಲು ಬಂದು, ನಾಮನಿರ್ದೇಶನದ ಫಾರ್ಮಿನಲ್ಲಿ ಟೇಲರ್ ಹೆಸರು ಬರೆದಿದ್ದರು. ಪಕ್ಕದ ಕಾಲಂ ಖಾಲಿ.

ನಾನು ಕನ್ನಡದಲ್ಲೇ, ನಮ್ಮವರೆಂಬ ಸಲಿಗೆಯಿಂದ ಹೇಳಿದೆ, “ಮಾಸ್ತರ್ರ, ತಮ್ಮನ ಮಗ ಇದ್ದಾನಲ್ರೀ. ನಾಳೆ ಯಾರರೆ ಏನರೆ ಅಂದಾರು. ಮನೀ ಮಂದಿ ಹೆಸರು ಬರೀರಿ, ಛಲೋ.”

ಅವರು ಪೆನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ ಟೇಲರ್ ಹೆಸರಿನ ಮೇಲೆ ಗೀಟು ಎಳೆದರು. ಹೊಡೆದುಹಾಕಿದ ಕಡೆ ಸಹಿ ಬೇಕು, ನಿಯಮ. “ಇಲ್ಲೊಂದು ಸಹಿ ಮಾಡ್ರಿ” ಅಂದೆ. ಮಾಡಿದರು.

2003ರಲ್ಲಿ ಮಾಸ್ತರರು ತೀರಿಕೊಂಡರು. ನಾನು ಬಡ್ತಿ ಪಡೆದು ಅದೇ ಶಾಖೆಗೆ ಮರಳಿದ್ದೆ. ತಮ್ಮನ ಮಗ ಊರಿನಿಂದ ಬಂದ, ಕಾಗದವೆಲ್ಲ ಸರಿಯಿತ್ತು, ಎಫ್.ಡಿ. ರಸೀದಿ ಮಾತ್ರ ಇರಲಿಲ್ಲ. ಮರುದಿನ ಟೇಲರ್ ಅವರೇ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದು ನನ್ನ ಟೇಬಲ್ ಮೇಲಿಟ್ಟರು. “ಟ್ರಂಕಿನ್ಯಾಗ ಇಟ್ಟಿದ್ರು. ಅವರ ಮನಿಯವರಿಗೆ ಬೇಕಾದೀತು” ಅಂದರು. ತಂದುಕೊಟ್ಟವರ ಹೆಸರು ಬರೆದುಕೊಳ್ಳುತ್ತ, ರೂಢಿಯಂತೆ, ಅವರಿಗೇನಾಗಬೇಕು ಎಂದು ಕೇಳಿದೆ.

“ರೂಮ್ ಪಾರ್ಟ್ನರ್ ರೀ.”

ಅಷ್ಟು ಹೇಳಿ ಹೋದರು. ವಾರದೊಳಗೆ ಕ್ಲೇಮು ಇತ್ಯರ್ಥ ಮಾಡಿದೆ. ಇನ್‌ಸ್ಪೆಕ್ಷನ್ನಿನಲ್ಲಿ ಒಂದು ಆಕ್ಷೇಪವೂ ಬರಲಿಲ್ಲ.

ಅವರಿಬ್ಬರು ಏನಾಗಿದ್ದರೋ ನನಗೆ ಗೊತ್ತಿಲ್ಲ. ಗೊತ್ತಾಗಬೇಕಾಗಿಯೂ ಇರಲಿಲ್ಲ. 1985ರ ನಿಯಮದ ಆ ಫಾರ್ಮು, ನಾವು ಡಿಎ 1 ಅನ್ನುತ್ತಿದ್ದುದು, ಅದರಲ್ಲಿ ಆ ಕಾಲಂ ತಲೆಯ ಮೇಲೆ ಅಚ್ಚಾಗಿದ್ದುದೇ ‘ಠೇವಣಿದಾರರೊಂದಿಗೆ ಸಂಬಂಧ, ಇದ್ದರೆ’ ಎಂದು. ಇದ್ದರೆ! ಯಾರನ್ನು ಬೇಕಾದರೂ ನಾಮಿನಿ ಮಾಡಬಹುದಿತ್ತು. ಕಾನೂನು ಕೇಳದ್ದನ್ನು ನಾನು ಕೇಳಿದೆ, ಅದೂ ಅವರ ಒಳ್ಳೆಯದಕ್ಕೇ ಎಂದುಕೊಂಡು, ತಾಯ್ನುಡಿಯಲ್ಲಿ. ಪರಭಾಷೆಯ ಆಫೀಸರ್ ಇದ್ದಿದ್ದರೆ ಫಾರ್ಮು ತೆಗೆದುಕೊಂಡು ಠಸ್ಸೆ ಒತ್ತುತ್ತಿದ್ದ. ಊರನ್ನು ಬಿಟ್ಟು ಅಷ್ಟು ದೂರ ಬಂದ ಮನುಷ್ಯನ ಎದುರು ಕೌಂಟರಿನಲ್ಲಿ ಊರೇ ಬಂದು ಕೂತ ಹಾಗೆ ನಾನು ಕೂತಿದ್ದೆ.

ನಮ್ಮಲ್ಲಿ 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು, ವಯಸ್ಕರ ಇಂಥ ಪ್ರೀತಿ ಅಪರಾಧವಲ್ಲ ಎಂದಿತು. ಮದುವೆಯ ಹಕ್ಕನ್ನು 2023ರ ಅಕ್ಟೋಬರ್ 17ರಂದು ಕೊಡಲಿಲ್ಲ. 2024ರ ಆಗಸ್ಟ್‌ನಲ್ಲಿ ಹಣಕಾಸು ಇಲಾಖೆ, ಇಂಥ ಸಂಗಾತಿಗಳು ಜಂಟಿ ಖಾತೆ ತೆರೆಯಲು, ಒಬ್ಬರನ್ನೊಬ್ಬರು ನಾಮಿನಿ ಮಾಡಲು ಯಾವ ಅಡ್ಡಿಯೂ ಇಲ್ಲ ಎಂದು ಸ್ಪಷ್ಟಪಡಿಸಿತು. ಪೇಪರಿನಲ್ಲಿ ಓದಿ ನಮ್ಮವರು, “ಹೊಸ ರೂಲ್ ಬಂತು ನೋಡು” ಅಂದರು. ಹೊಸದಲ್ಲ, ಅಡ್ಡಿ ಮೊದಲೂ ಇರಲಿಲ್ಲ ಅಂದೆ. ಅಡ್ಡಿಯಾಗಿದ್ದವಳು ಯಾರೆಂದು ಅವತ್ತು ಹೇಳಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

ಈಚೆಗೆ ಮೊಮ್ಮಗಳು ಪುಣೆಯಿಂದ ಒಂದು ಮಾಂಗಾ ತಂದುಕೊಟ್ಟಳು. ಕಾವೋರಿ ತ್ಸುರುತಾನಿ ಅವರ ‘ಬಿಎಲ್ ಮೆಟಮಾರ್ಫಸಿಸ್’. ಎಪ್ಪತ್ತೈದರ ವಿಧವೆ ಅಜ್ಜಿಯೊಬ್ಬಳು ಮುಖಪುಟ ಚಂದ ಕಂಡಿತೆಂದು ಬಿಎಲ್ ಪುಸ್ತಕ ಕೊಳ್ಳುತ್ತಾಳೆ, ಅಂಗಡಿಯ ಹದಿನೇಳರ ಹುಡುಗಿಗೆ ಗೆಳತಿಯಾಗುತ್ತಾಳೆ. ಮುಂದಿನ ಸಂಪುಟಗಳು ಬರುವಷ್ಟರಲ್ಲಿ ತನಗೆಷ್ಟು ವಯಸ್ಸಾಗಿರುತ್ತದೆ ಎಂದು ಅಜ್ಜಿ ಲೆಕ್ಕ ಹಾಕುತ್ತಾಳೆ. ನಾನೂ ಹಾಕಿದೆ. ಶಿರೋ, ಕೆಂಜಿ ಮುದುಕರಾಗುವುದನ್ನು ನೋಡಿಕೊಂಡೇ ಹೋಗಬೇಕೆಂದಿದೆ.

ಭಾನುವಾರ ಇಲ್ಲಿಯ ಕನ್ನಡ ಸಂಘದಲ್ಲಿ ಹಿರಿಯರಿಗೆ ಬ್ಯಾಂಕಿನ ಫಾರ್ಮು ತುಂಬಿಕೊಡುತ್ತೇನೆ. ಹೋದ ತಿಂಗಳು ಒಬ್ಬರು, ಬಹಳ ಮೆತ್ತಗೆ ಮಾತಾಡುವವರು, ನಾಮಿನಿಯ ಹೆಸರು ಬರೆದು ಪೆನ್ನು ಎತ್ತಿ ಹಿಡಿದರು.

“ಸಂಬಂಧ ಅಂತ ಇದೆಯಲ್ಲ ಮೇಡಂ, ಇಲ್ಲಿ ಏನು ಬರೀಲಿ?”

“ನಿಮಗ ತಿಳಿದದ್ದು ಬರೀರಿ. ಖಾಲಿ ಬಿಟ್ಟರೂ ನಡೀತದ” ಅಂದೆ.

ಮುಂದಿನ ಫಾರ್ಮು ಎತ್ತಿಕೊಂಡೆ. ಅವರು ಏನು ಬರೆದರೋ ನೋಡಲಿಲ್ಲ.