ಅಕ್ಷರಕ್ಕೊಂದು ಮನೆ

ಕನ್ನಡದ ಅಕ್ಷರಗಳನ್ನು ಬರೆಯಲು ಕಲಿಯುವುದು ಒಂದು ಕೆಲಸವಾದರೆ, ಮರದಲ್ಲಿ ಕೊರೆಯಲು ಕಲಿಯುವುದು ಇನ್ನೊಂದು. ನಮ್ಮ ಲಿಪಿಯಲ್ಲಿ ನೇರ ಗೆರೆ ಹುಡುಕಿದರೂ ಸಿಗುವುದು ಅಪರೂಪ. ಎಲ್ಲವೂ ದುಂಡು, ಸುರುಳಿ, ಕೊಂಡಿ. ಬಡಗಿಯ ಕೈಗರಗಸ ನೇರ ದಾರಿಯ ಪ್ರಾಣಿ. ಅದರಿಂದ ‘ಳ’ ಬರೆಸಲಾಗದು. ಈ ಕೆಲಸಕ್ಕೆ ದಾರದಷ್ಟು ಸಣ್ಣ ಬ್ಲೇಡಿನ ಗರಗಸವೇ ಬೇಕು. ಕೈಯಲ್ಲಿ ಹಿಡಿದು ಕೊರೆಯುವುದು ಫ್ರೆಟ್ ಸಾ, ಕರೆಂಟಿನಲ್ಲಿ ಓಡುವುದು ಸ್ಕ್ರಾಲ್ ಸಾ. ಕಳೆದೆರಡು ವರ್ಷಗಳಲ್ಲಿ ನಮ್ಮ ಮನೆಯಲ್ಲಿ ಇವೆರಡೂ ಸೇರಿ ವರ್ಣಮಾಲೆಯ 49 ಅಕ್ಷರಗಳನ್ನೂ ಕೊರೆದು ಮುಗಿಸಿವೆ.

ಇದು ಹವ್ಯಾಸಕ್ಕೆಂದು ಶುರುವಾದದ್ದಲ್ಲ. ಮಗ ಆಗ ಒಂದನೆಯ ತರಗತಿ. ಉ, ಚ, ಜ ಇವನ್ನೆಲ್ಲ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಬರೆಯುತ್ತಿದ್ದ. ದ ಮತ್ತು ಧ, ಪ ಮತ್ತು ಷ ಅವನಿಗೆ ಅವಳಿ ಮಕ್ಕಳು. ಐದಾರು ವರ್ಷದ ಅನೇಕ ಮಕ್ಕಳು ಹೀಗೆ ಬರೆಯುವುದುಂಟು, ದೊಡ್ಡವರಾದಂತೆ ತಾನೇ ಸರಿಹೋಗುವುದೂ ಉಂಟು ಎಂದು ಓದಿದ್ದೆ. ಆದರೆ ಶಾಲೆಯ ಡೈರಿಯಲ್ಲಿ ಕೆಂಪು ಶಾಯಿಯಲ್ಲಿ ‘ನಿಧಾನ’ ಎಂದು ಬರೆದು ಬರತೊಡಗಿತು. ಓದಲು ಬಾರದ ಮಗು ಆ ಒಂದು ಪದವನ್ನು ಮಾತ್ರ ಎಷ್ಟು ಬೇಗ ಓದಲು ಕಲಿಯಿತು ನೋಡಿ! ಒಂದು ಸಂಜೆ ಸ್ಲೇಟನ್ನು ಮಂಚದ ಕೆಳಗೆ ತಳ್ಳಿ, “ನಂಗೆ ಬರಲ್ಲ, ನಾನು ನಿಧಾನ” ಎಂದುಬಿಟ್ಟ.

ಆಗ ನಮ್ಮಪ್ಪ ಅಟ್ಟದ ಮೇಲಿನ ಡಬ್ಬಿ ಇಳಿಸಲು ಹೇಳಿದರು. ಅದರೊಳಗೆ ಅವರ ಹಳೆಯ ಫ್ರೆಟ್ ಸಾ ಇತ್ತು. ಬಿಲ್ಲಿನಂತೆ ಬಾಗಿದ ಉಕ್ಕಿನ ಚೌಕಟ್ಟು, ಕೆಳಗೊಂದು ಮರದ ಹಿಡಿ, ಎರಡು ತುದಿಯ ನಡುವೆ ಬಿಗಿದ ಬ್ಲೇಡು. ಅಪ್ಪನ ಕೈ ಈಗ ನಡುಗುತ್ತದೆ. ಹಾಗಾಗಿ ಅವರು ಹೇಳುವುದು, ನಾನು ಮಾಡುವುದು ಎಂದಾಯಿತು.

“ಬ್ಲೇಡಿನ ಹಲ್ಲು ಹಿಡಿ ಕಡೆ ಮುಖ ಮಾಡಿರ್ಬೇಕು. ಕೆಳಗೆ ಎಳೀವಾಗ ಕೊರೀಬೇಕು, ಮೇಲೆ ಹೋಗೋವಾಗಲ್ಲ” ಎಂದರು. ಮೇಜಿನ ಅಂಚಿಗೆ ಒಂದು ಸಣ್ಣ ಹಲಗೆ ಬಿಗಿದು, ಅದರ ತುದಿಯಲ್ಲಿ ‘ವಿ’ ಆಕಾರದ ಕಚ್ಚು ಮಾಡಿಸಿದರು. ಕೊರೆಯುವ ಮರ ಅದರ ಮೇಲೆ ಕೂರುತ್ತದೆ. ಗರಗಸ ಆ ಕಚ್ಚಿನೊಳಗೆ ಇದ್ದಲ್ಲೇ ಮೇಲೆ ಕೆಳಗೆ ಆಡುತ್ತದೆ. “ನೀನು ಗರಗಸ ತಳ್ಬೇಡ ಕಣೇ. ಅದು ಒಂದೇ ಕಡೆ ಇರ್ಲಿ. ಮರಾನ ತಿರುಗಿಸು.” ಈ ವಿದ್ಯೆಯ ಗುಟ್ಟೆಲ್ಲ ಆ ಒಂದು ಮಾತಿನಲ್ಲಿದೆ. ತಿರುವಿನಲ್ಲಿ ಅವಸರ ಮಾಡಿದರೆ ಬ್ಲೇಡು ಪಟ್ಟನೆ ಮುರಿಯುತ್ತದೆ. ಬ್ಲೇಡನ್ನು ಬಿಗಿದ ಮೇಲೆ ಬೆರಳಿನಿಂದ ಮೀಟಿ ನೋಡಬೇಕು. ತಂಬೂರಿಯ ತಂತಿಯಂತೆ ಸಣ್ಣಗೆ ನಾದ ಬಂದರೆ ಸರಿ, ಬರೀ ಮಂಕು ಸದ್ದಾದರೆ ಇನ್ನೂ ಬಿಗಿಯಬೇಕು.

ಮೊದಲ ಹದಿನೈದು ಅಕ್ಷರ ಕೈಯಲ್ಲೇ ಕೊರೆದೆ. ಆಮೇಲೆ ಸ್ಕ್ರಾಲ್ ಸಾ ಕೊಂಡೆವು. ಹೊಲಿಗೆ ಯಂತ್ರ ತುಳಿದು ಗೊತ್ತಿದ್ದವರಿಗೆ ಇದು ತೀರ ಹೊಸದೆನಿಸದು. ಸೂಜಿಯ ಜಾಗದಲ್ಲಿ ಬ್ಲೇಡು, ಬಟ್ಟೆಯ ಜಾಗದಲ್ಲಿ ಹಲಗೆ. ಕೊಳ್ಳುವಾಗ ಎರಡು ಸಂಗತಿ ನೋಡಿಕೊಳ್ಳಬೇಕು. ಮೊದಲನೆಯದು, ಬ್ಲೇಡಿನಿಂದ ಹಿಂದಿನ ಕಂಬದವರೆಗಿನ ಅಂತರ. ಅದು 16 ಇಂಚಿದ್ದರೆ ಅಷ್ಟು ದೊಡ್ಡ ಹಲಗೆಯನ್ನು ಸುತ್ತ ತಿರುಗಿಸಬಹುದು. ಎರಡನೆಯದು ಬ್ಲೇಡಿನ ತುದಿ. ತುದಿಗೆ ಅಡ್ಡ ಪಿನ್ ಇರುವ ಬ್ಲೇಡನ್ನು ಸಿಕ್ಕಿಸುವುದು ಸುಲಭ, ಆದರೆ ಅದು ತೂರಲು ದೊಡ್ಡ ರಂಧ್ರ ಬೇಕು. ಪಿನ್ ಇಲ್ಲದ್ದಾದರೆ ಒಂದು ಮಿಲಿಮೀಟರಿನ ತೂತು ಸಾಕು. ಕನ್ನಡಕ್ಕೆ ಈ ಎರಡನೆಯದೇ ಬೇಕು. ಬ್ಲೇಡಿಗೆ ನಂಬರು ಇರುತ್ತದೆ. ನಂಬರು ಹೆಚ್ಚಿದಂತೆ ದಪ್ಪ. ಆರರಿಂದ ಎಂಟು ಮಿಲಿಮೀಟರಿನ ಹಲಗೆಗೆ ನಾನು 1 ಮತ್ತು 3ನೇ ನಂಬರನ್ನು ಬಳಸುತ್ತೇನೆ.

ರಂಧ್ರದ ವಿಷಯ ಯಾಕೆ ಬಂತೆಂದರೆ, ಕನ್ನಡದಲ್ಲಿ ಹೊಟ್ಟೆಯಿರುವ ಅಕ್ಷರಗಳು ಬಹಳ. ‘ರ’ ಎಂದರೆ ಒಂದು ಬಳೆ, ಅದರ ಮೇಲೊಂದು ತಲೆಕಟ್ಟು. ಬಳೆಯ ಒಳಭಾಗವನ್ನು ತೆಗೆಯಬೇಕಾದರೆ ಅಲ್ಲಿ ತೂತು ಮಾಡಿ, ಬ್ಲೇಡಿನ ಒಂದು ತುದಿ ಬಿಚ್ಚಿ, ತೂತಿನಲ್ಲಿ ಪೋಣಿಸಿ, ಮತ್ತೆ ಬಿಗಿದು ಕೊರೆಯಬೇಕು. ಒಳಗಿನದನ್ನು ಮೊದಲು, ಹೊರಗಿನದನ್ನು ಆಮೇಲೆ. ಹೊರಗಿನ ಸುತ್ತು ಮುಗಿದ ಮೇಲೆ ಸಣ್ಣ ತುಂಡನ್ನು ಗಟ್ಟಿಯಾಗಿ ಹಿಡಿದುಕೊಳ್ಳಲು ಏನೂ ಉಳಿದಿರುವುದಿಲ್ಲ. ‘ಠ’ದ ಕಷ್ಟ ಇನ್ನೊಂದು ತೆರ. ಅದರ ಹೊಟ್ಟೆಯೊಳಗಿನ ಚುಕ್ಕೆ ಯಾವುದಕ್ಕೂ ಅಂಟಿಕೊಂಡಿಲ್ಲ, ಕೊರೆದರೆ ಉದುರಿಹೋಗುತ್ತದೆ. ಚುಕ್ಕೆಯಿಂದ ಬಳೆಗೆ ಒಂದು ಸಣ್ಣ ಸೇತುವೆ ಉಳಿಸಿಕೊಳ್ಳಬೇಕು.

ಮರದ ಆಯ್ಕೆಗೂ ಲಿಪಿಯೇ ದಾರಿ ತೋರಿಸುತ್ತದೆ. ತಲೆಕಟ್ಟಿನ ತುದಿ ಸಣ್ಣಗೆ ಹೊರಚಾಚಿರುತ್ತದೆ. ಮರದ ಎಳೆ ಅದಕ್ಕೆ ಅಡ್ಡವಾಗಿ ಬಂದರೆ ಮಗು ಒಮ್ಮೆ ಬೀಳಿಸಿದರೆ ಸಾಕು, ಮುರಿಯುತ್ತದೆ. ಆದ್ದರಿಂದ ಎಳೆ ತಲೆಕಟ್ಟಿನ ಉದ್ದಕ್ಕೆ ಓಡುವಂತೆ ನಕ್ಷೆ ಅಂಟಿಸಬೇಕು. ಪ್ಲೈವುಡ್ಡಿಗೆ ಈ ಚಿಂತೆಯಿಲ್ಲ, ಅದರ ಪದರಗಳು ಒಂದಕ್ಕೊಂದು ಅಡ್ಡ ಇರುತ್ತವೆ. ಆದರೆ ಅಗ್ಗದ ಪ್ಲೈವುಡ್ಡಿನ ಒಳಗೆ ಟೊಳ್ಳು ಇರಬಹುದು, ಅಂಚು ಸಿಬಿರು ಏಳುತ್ತದೆ. ನಮ್ಮಲ್ಲಿ ಸ್ವರಗಳು ಪ್ಲೈವುಡ್, ವ್ಯಂಜನಗಳು ಬಡಗಿಯ ಅಂಗಡಿಯಲ್ಲಿ ಉಳಿದ ಶಿವನಿ ಮರದ ತುಂಡುಗಳು. ಶಿವನಿ ತೆಳುಬಣ್ಣದ ಹಗುರ ಮರ, ಬ್ಲೇಡಿಗೂ ಕಿರುಕುಳವಿಲ್ಲ. ಬೀಟೆ ನೋಡಲು ಚಂದ, ಆದರೆ ಅದರ ಧೂಳು ಕೆಲವರಿಗೆ ಕೆಮ್ಮು, ತುರಿಕೆ ತರುತ್ತದೆ. ಯಾವ ಮರದ ಧೂಳೂ ಒಳ್ಳೆಯದಲ್ಲ. ಮಾಸ್ಕ್ ಹಾಕದೆ ನಾನು ಕೂರುವುದಿಲ್ಲ.

ಹಲಗೆಯ ಮೇಲೆ ಮೊದಲು ಮಾಸ್ಕಿಂಗ್ ಟೇಪ್ ಹಚ್ಚಿ, ಅದರ ಮೇಲೆ ಅಕ್ಷರದ ಕಾಗದ ಅಂಟಿಸಿದರೆ ಕೆಲಸ ಮುಗಿದ ಮೇಲೆ ಎರಡೂ ಸಿಪ್ಪೆಯಂತೆ ಸುಲಿದು ಬರುತ್ತವೆ, ಮರಕ್ಕೆ ಅಂಟಿನ ಕಲೆ ಉಳಿಯುವುದಿಲ್ಲ.

ಬರೀ ಅಕ್ಷರ ಕೊರೆದು ಕೊಡುವುದರಲ್ಲಿ ಒಂದು ತೊಡಕಿತ್ತು. ಕೊರೆದ ಅಕ್ಷರಕ್ಕೆ ಎರಡು ಮುಖ. ಮಗುಚಿ ಇಟ್ಟರೆ ನಮ್ಮ ಹುಡುಗ ಬರೆಯುತ್ತಿದ್ದ ಕನ್ನಡಿ ಅಕ್ಷರವೇ ಆಗುತ್ತದೆ. ಮುಂಭಾಗಕ್ಕೆ ಬಣ್ಣ ಬಳಿಯೋಣ ಎಂದೆ. ಅಪ್ಪ ಬೇಡವೆಂದರು. “ಆಮೇಲೆ ಬಣ್ಣ ನೋಡ್ತಾನೆ, ಅಕ್ಷರ ನೋಡಲ್ಲ. ಅಕ್ಷರಕ್ಕೊಂದು ಮನೆ ಮಾಡು.” ಮನೆ ಎಂದರೆ, ಅಕ್ಷರವನ್ನು ಹಲಗೆಯ ನಡುವಿನಿಂದಲೇ ಗೆರೆಯ ಮೇಲೆ ಒಂದು ಸಣ್ಣ ತೂತು ಮಾಡಿ ಕೊರೆದು ತೆಗೆಯುವುದು. ಆಗ ಅಕ್ಷರವೂ ಸಿಕ್ಕಿತು, ಅದು ಕೂರುವ ಖಾಲಿ ಜಾಗವೂ ಸಿಕ್ಕಿತು. ಹಲಗೆಯ ಹಿಂದೆ ತೆಳು ಪ್ಲೈವುಡ್ ಅಂಟಿಸಿ, ‘ರ’ದ ಹೊಟ್ಟೆಯ ಬಿಲ್ಲೆಯನ್ನು ಅದರ ಜಾಗದಲ್ಲೇ ಕೂರಿಸಿದರೆ ಮನೆ ಸಿದ್ಧ. ಬ್ಲೇಡು ತಿಂದ ಅರ್ಧ ಮಿಲಿಮೀಟರಿನಷ್ಟು ಸಂದಿಯಲ್ಲಿ ಅಕ್ಷರ ಸಲೀಸಾಗಿ ಹೋಗಿಬರುತ್ತದೆ.

ಮೊದಲ ಸಲ ‘ಚ’ ಕೈಗೆ ಕೊಟ್ಟಾಗ ಹುಡುಗ ಅದನ್ನು ಮಗುಚಿ ಹಿಡಿದು ಒತ್ತಿದ. ಹೋಗಲಿಲ್ಲ. ಸುತ್ತ ತಿರುಗಿಸಿದ, ಆಗಲೂ ಹೋಗಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಕಣ್ಣಿನಲ್ಲೇ ಸುಮ್ಮನಿರು ಎಂದರು. ಸ್ವಲ್ಪ ಹೊತ್ತಿನ ಮೇಲೆ ಅವನೇ ಮಗುಚಿದ. ಟಕ್ಕೆಂದು ಕೂತಿತು. “ಅಮ್ಮಾ, ಆಗ್ಲೇ ಹಿಡ್ಕೊಂಡಿದ್ದು ಇದರ ಬೆನ್ನು!” ಎಂದ. ತಪ್ಪೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಮರ ಹೇಳಿತ್ತು, ಅದೂ ಗದರದೆ.

ಇದು ಹೊಸ ಯೋಚನೆಯೇನಲ್ಲ. ಇಟಲಿಯ ಮರಿಯಾ ಮಾಂಟೆಸ್ಸರಿ ಬಹಳ ಹಿಂದೆಯೇ ಮಕ್ಕಳಿಗಾಗಿ ಮರದ ಅಕ್ಷರಗಳನ್ನು ಮಾಡಿಸಿದ್ದರು. ಆಮೇಲೆ ಸ್ಯಾಂಡ್‌ಪೇಪರಿನಲ್ಲಿ ಅಕ್ಷರ ಕತ್ತರಿಸಿ ರಟ್ಟಿಗೆ ಅಂಟಿಸಿ, ಮಕ್ಕಳು ಅದರ ಮೇಲೆ ಬೆರಳಾಡಿಸುವಂತೆ ಮಾಡಿದರು. 1939ರಲ್ಲಿ ಮದ್ರಾಸಿಗೆ ಬಂದ ಆಕೆ ಯುದ್ಧದ ಕಾರಣದಿಂದ 1946ರವರೆಗೂ ನಮ್ಮ ದೇಶದಲ್ಲೇ ಉಳಿದು ನೂರಾರು ಶಿಕ್ಷಕರಿಗೆ ತರಬೇತಿ ಕೊಟ್ಟರು. ಕಣ್ಣಿಗಿಂತ ಮೊದಲು ಬೆರಳು ಕಲಿಯುತ್ತದೆ ಎಂಬುದು ಅವರ ನಂಬಿಕೆಯಾಗಿತ್ತು.

ನಮ್ಮ ಮನೆಯಲ್ಲಿ ಬೆರಳು ಕಲಿತದ್ದು ಉಜ್ಜುವ ಕೆಲಸದಲ್ಲಿ. ಯಂತ್ರದ ಹತ್ತಿರ ಹುಡುಗನಿಗೆ ಪ್ರವೇಶವಿಲ್ಲ. ಅವನ ಪಾಲಿಗೆ ಸ್ಯಾಂಡ್‌ಪೇಪರು. ಅಪ್ಪನ ಬಾಯಲ್ಲಿ ಉಪ್ಪುಕಾಗದ. ಮೊದಲು 120, ಆಮೇಲೆ 180, ಕೊನೆಗೆ 220. ನಂಬರು ಏರಿದಂತೆ ಕಾಗದ ನಯ. ಅದಾದ ಮೇಲೆ ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿ ಒಣಗಲು ಬಿಟ್ಟರೆ ಮಲಗಿದ್ದ ಸಣ್ಣ ಎಳೆಗಳೆಲ್ಲ ಎದ್ದು ನಿಲ್ಲುತ್ತವೆ. ಮತ್ತೆ 220ರಲ್ಲಿ ಹಗುರವಾಗಿ ಉಜ್ಜಿದರೆ ಅವು ಮತ್ತೆ ಏಳುವುದಿಲ್ಲ. ಅಂಚನ್ನು ಉಜ್ಜಲು ಕಾಗದವನ್ನು ಬೆರಳಗಲ ಮಡಚಿ ಅಕ್ಷರದ ತಿರುವಿನ ಜೊತೆಗೇ ಹೋಗಬೇಕು. ಒಂದು ‘ಜ’ ನುಣುಪಾಗುವಷ್ಟರಲ್ಲಿ ಅವನ ಬೆರಳು ಅದರ ದಾರಿಯಲ್ಲಿ ನೂರು ಸಲ ನಡೆದಿರುತ್ತಿತ್ತು. ಕಾಪಿ ಪುಸ್ತಕದಲ್ಲಿ ಹತ್ತು ಸಲ ಬರೆ ಎಂದರೆ ಅಳುತ್ತಿದ್ದವನು ಇಲ್ಲಿ ಎಣಿಸಲೇ ಇಲ್ಲ. ನುಣುಪಾಯಿತೋ ಇಲ್ಲವೋ ಎಂದು ತೀರ್ಪು ಕೊಡುವವನೂ ಅವನೇ. ಕಣ್ಣು ಮುಚ್ಚಿ ಬೆರಳಾಡಿಸಿ, “ಇಲ್ಲಿ ಇನ್ನೂ ಚುಚ್ಚುತ್ತೆ” ಎನ್ನುತ್ತಿದ್ದ.

ಕೊನೆಯದು ಮೆರುಗು. ಮಕ್ಕಳ ವಸ್ತು ಬಾಯಿಗೆ ಹೋಗದೆ ಇರುವುದಿಲ್ಲ, ಆದ್ದರಿಂದ ಇಲ್ಲಿ ಎಚ್ಚರ ಬೇಕು. ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂದು ನಮ್ಮಲ್ಲಿ 2016ರಲ್ಲಿ ನಿಯಮ ಬಂದಿದೆ. ಮನೆಯಲ್ಲಿ ಉಳಿದ ಹಳೆಯ ಡಬ್ಬಿಯ ಬಣ್ಣ ಮಾತ್ರ ಬೇಡವೇ ಬೇಡ. ನಾವು ಆರಿಸಿಕೊಂಡದ್ದು ಅರಗು. ಚನ್ನಪಟ್ಟಣದ ಬೊಂಬೆಗಳಿಗೆ ಹೊಳಪು ಕೊಡುವುದೂ ಅದೇ. ಅಲ್ಲಿ ಲೇತಿನಲ್ಲಿ ಗಿರಗಿರನೆ ತಿರುಗುವ ಬೊಂಬೆಗೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಾಟದ ಬಿಸಿಗೇ ಅದು ಕರಗಿ ಹಿಡಿಯುತ್ತದೆ. ನಮ್ಮ ಚಪ್ಪಟೆ ಅಕ್ಷರ ತಿರುಗುವುದಿಲ್ಲವಲ್ಲ, ಹಾಗಾಗಿ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಬೇಕು. ಅಂಗಡಿಯಲ್ಲಿ ಶೆಲಾಕ್ ಚಕ್ಕೆ ಎಂದು ಕೇಳಿ. ಅರ್ಧ ಲೀಟರಿಗೆ 60 ಗ್ರಾಂ ಹಾಕಿ, ರಾತ್ರಿಯಿಡೀ ಬಿಟ್ಟು, ಬಟ್ಟೆಯಲ್ಲಿ ಸೋಸಿಕೊಳ್ಳುವುದು. ಸ್ಪಿರಿಟ್ ವಿಷ, ಬೆಂಕಿಗೂ ಬೇಗ ಸಿಗುವಂಥದ್ದು; ಒಲೆಯಿಂದ ದೂರ, ಕಿಟಕಿ ತೆರೆದು, ದೊಡ್ಡವರೇ ಮಾಡಬೇಕು. ಪೂರ್ತಿ ಆರಿದ ಮೇಲೆ ಉಳಿಯುವುದು ಅರಗು ಮಾತ್ರ. ಹತ್ತಿಯನ್ನು ಬಟ್ಟೆಯಲ್ಲಿ ಸುತ್ತಿ ತೆಳುವಾಗಿ ಒಂದು ಕೈ, ಆರಿದ ಮೇಲೆ 320ರ ಕಾಗದದಲ್ಲಿ ಮೆಲ್ಲನೆ ಉಜ್ಜಿ ಇನ್ನೊಂದು ಕೈ, ಅಷ್ಟೇ. ಮೂರು ನಾಲ್ಕು ಕೈ ಬಳಿದರೆ ಸಂದಿ ತುಂಬಿ ಅಕ್ಷರ ತನ್ನ ಮನೆಗೇ ಹೋಗದು.

ಅಗಸೆ ಎಣ್ಣೆ ಬಳಸುವವರೂ ಇದ್ದಾರೆ. ಹಸಿ ಎಣ್ಣೆ ಒಣಗಲು ವಾರಗಟ್ಟಲೆ ಬೇಕು. ಬೇಗ ಒಣಗಲೆಂದು ಬಣ್ಣದಂಗಡಿಯಲ್ಲಿ ಮಾರುವ ಎಣ್ಣೆಗೆ ಲೋಹದ ಲವಣಗಳನ್ನು ಸೇರಿಸಿರುತ್ತಾರೆ, ಆಟಿಕೆಗೆ ಅದು ಬೇಡ. ಒರೆಸಿದ ಬಟ್ಟೆಯನ್ನು ಮುದುಡಿ ಮೂಲೆಗೆ ಎಸೆಯಲೂಬಾರದು, ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಹರವಿ ಒಣಹಾಕಬೇಕು. ಕೊಬ್ಬರಿ ಎಣ್ಣೆ ಸವರುತ್ತೇನೆನ್ನುವವರಿಗೆ ಒಂದು ಮಾತು: ಅದು ಎಂದೂ ಒಣಗುವುದಿಲ್ಲ.

ಹುಡುಗ ಈಗ ಮೂರನೆಯ ತರಗತಿ. ಬರೆಯುವುದು ಈಗಲೂ ಮೆಲ್ಲಗೇ, ಆದರೆ ಅಕ್ಷರ ಬೆನ್ನು ತಿರುಗಿಸುವುದು ನಿಂತಿದೆ. ಮರದ ಅಕ್ಷರದಿಂದಲೋ, ವಯಸ್ಸಿನಿಂದಲೋ, ನಾನು ಹೇಳಲಾರೆ. ನಿಮ್ಮ ಮಗುವಿಗೆ ಎಂಟು ದಾಟಿದ ಮೇಲೂ ಹೀಗೆಯೇ ಆಗುತ್ತಿದ್ದರೆ ತಿಳಿದವರಿಗೆ ತೋರಿಸಿ, ಗರಗಸ ವೈದ್ಯನಲ್ಲ.

ನಮ್ಮೂರು ಮಲೆನಾಡು. ಜೂನ್ ಕಳೆದರೆ ಗೋಡೆಯೂ ನೀರು ಕುಡಿಯುತ್ತದೆ. ಮರ ಹಿಗ್ಗುತ್ತದೆ, ಹಿಂದೆ ಪ್ಲೈವುಡ್ ಅಂಟಿರುವುದರಿಂದ ಹೊರಗೆ ಜಾಗ ಸಿಗದೆ ಸಂದಿಯ ಕಡೆಗೇ ಹಿಗ್ಗುತ್ತದೆ. ಕಳೆದ ತಿಂಗಳು ‘ಳ’ ತನ್ನ ಮನೆಯಲ್ಲಿ ಸಿಕ್ಕಿಕೊಂಡಿತು. ನಾನು ಚಾಕು ತಂದು ಮೀಟಲು ಕೂತೆ. ಅವನು ಬಂದು ಹಲಗೆಯನ್ನು ನನ್ನ ಕೈಯಿಂದ ತೆಗೆದುಕೊಂಡ. “ಬಿಡಮ್ಮ, ಮುರಿದುಹೋಗುತ್ತೆ. ಮಳೆ ನಿಲ್ಲಲಿ, ಅದೇ ಬರುತ್ತೆ” ಎಂದು, ಹಲಗೆಯನ್ನು ಒಯ್ದು ಕಪಾಟಿನ ಮೇಲಿಟ್ಟ.