ಇಂದ್ರಜಿತು ಕನ್ನಡದಲ್ಲಿ ಮಾತಾಡಿದ ದಿನ

1934ರ ಮಾರ್ಚ್ 3ರಂದು ಬೆಂಗಳೂರಿನ ಸಿಟಿ ಮಾರ್ಕೆಟ್ ಬಳಿಯ ಪ್ಯಾರಾಮೌಂಟ್ ಟಾಕೀಸಿನಲ್ಲಿ ‘ಸತಿ ಸುಲೋಚನ’ ತೆರೆಕಂಡಿತು. ಬಿಡುಗಡೆಯಾದ ಮೊದಲ ಕನ್ನಡ ವಾಕ್ಚಿತ್ರ ಅದು. ಶೂಟಿಂಗ್ ನಡೆದದ್ದು ಕೊಲ್ಹಾಪುರದಲ್ಲಿ, ನಿರ್ದೇಶನ ವೈ.ವಿ. ರಾವ್ ಅವರದು. ಸುಬ್ಬಯ್ಯ ನಾಯ್ಡು ಇಂದ್ರಜಿತು, ಆರ್. ನಾಗೇಂದ್ರರಾಯರು ರಾವಣ. ಇಬ್ಬರೂ ಕಂಪನಿ ನಾಟಕದಲ್ಲಿ ಪಳಗಿದವರು, ಕೊನೇ ಸಾಲಿನವರೆಗೂ ಮಾತು ಮುಟ್ಟಿಸುವ ಕಂಠದವರು. ಆ ಕಂಠ ತೆರೆಯ ಮೇಲೆ ಹೇಗೆ ಮೊಳಗಿತೋ, ಕೇಳುವ ಭಾಗ್ಯ ನಮಗಿಲ್ಲ. ಚಿತ್ರದ ಒಂದು ಪ್ರಿಂಟೂ ಉಳಿದಿಲ್ಲ. ನೆನೆದರೆ ಹೊಟ್ಟೆ ಉರಿಯುತ್ತದೆ.

ನಿಮ್ಮ ಮನೆಯ ಅಟ್ಟದಲ್ಲಿ ಹಳೇ ಸಿನಿಮಾದ ಹಾಡಿನ ಪುಸ್ತಕ, ಕರಪತ್ರ, ಫೋಟೊ ಏನಾದರೂ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಜೋಪಾನವಾಗಿಡಿ, ಒಂದು ಫೋಟೊ ತೆಗೆದು ನಾಲ್ಕು ಜನಕ್ಕೆ ತೋರಿಸಿ.